ಮಿಡತಿ ಬೆಡಗಿನ ಹುಡುಗ

ಪ್ರಶ್ನೆ: ಸರ್, ಇಲ್ಲೆ ಬೆಳಗಾವಿಯೊಳಗ ನಮ್ಮ ಮ್ಯಾಲಿನ ರೂಮಿನ್ಯಾಗ ಉಗಾಂಡಾದ ಹುಡುಗ ಬಾಡಿಗಿಗೆ ಅದಾನ, ಕಾಲೇಜ್ ಕಲಿಯಾಕ ಬಂದಾನ, ಭಾಳ ಚಲೋ ಹುಡುಗ. ಒಂದಿನ "ನಮ್ದು ಎನ್ಸೇನೇನೆ ಅಂದ್ರ ಮಿಡತಿ ಕುಲ, ನಾವು ಮಿಡತಿ ತಿನ್ನಂಗಿಲ್ಲ" ಅಂದ. ಯಾರ್ ತಿಂತಾರಪಾ ಅಂತ ನಾವೆಲ್ಲಾ ನಕ್ಕಬಿಟ್ವಿ. ಮೊನ್ನೆ ನಮ್ಮ ಮಗಂದು ಅವನ ಸೋದರಮಾವನ ಮಗಳ ಜೋಡಿ ಲಗ್ನ ಫಿಕ್ಸ್ ಆತಂತ ಕುಂದಾ ಕೊಟ್ರ ಈ ಸಲ ಅವ ದಂಗಾಗಿ ನಿಂತ. ಇವರದೂ ನಮ್ಮ ಬೆಡಗಿನಂಗ, ಅಂದ್ರ ಕುಲದ ಗುರುತಿನಂಗ, ಏನರ ಐತೇನ್ರಿ?
(ಓದುಗರೊಬ್ಬರು, ಬೆಳಗಾವಿ)

ಉತ್ತರ: ನಕ್ಕಿದ್ದು ತಪ್ಪಾತ್ರಿ ಯಜಮಾನ್ರ! ಅವರ ಕಡೆ ನವೆಂಬರ್ ಬಂತಂದ್ರ ಮಿಡತಿ ಸುಗ್ಗಿ. ರಾತ್ರಿ ದೊಡ್ಡ ದೊಡ್ಡ ಲೈಟ್ ಹಚ್ಚಿ, ತಗಡು ನಿಲ್ಲಿಸಿ, ಬುಡಕ ಡ್ರಮ್ ಇಡ್ತಾರ, ಬೆಳಕಿಗೆ ಹಾರಿ ಬಂದ ಮಿಡತಿ ತಗಡಿಗೆ ಬಡದು ಜಾರಿ ಡ್ರಮ್ಮಿನ್ಯಾಗ ಬೀಳ್ತಾವು. ರೆಕ್ಕಿ ಕಾಲು ಕಿತ್ತು, ಉಳ್ಳಾಗಡ್ಡಿ ಉಪ್ಪು ಹಾಕಿ ಹುರದ್ರ ಅದರ ಜಿಡ್ಡಿನ್ಯಾಗ ಅದ ಬೇಯ್ತೈತಿ, ನಮ್ಮಲ್ಲಿ ಶೇಂಗಾ ಮಾರಿದಂಗ ಮಾರ್ತಾರ. ಊರೆಲ್ಲಾ ಕುರುಂ ಕುರುಂ ತಿನ್ನೋವಾಗ ಇವನ ಕುಲದವ್ರು ಬಾಯಿ ಕಟ್ಟಬೇಕು, ಸಣ್ಣ ಮಾತಲ್ಲ ಅದು.

ಎನ್ಸೇನೇನೆ ಅಂದಮ್ಯಾಲ ಅವ ಕಂಪಾಲಾ ಸುತ್ತಲಿನ ಬುಗಾಂಡಾ ಸಂಸ್ಥಾನದವ ಇರಬೇಕು. ಅಲ್ಲಿ 50ಕ್ಕೂ ಹೆಚ್ಚು ಕುಲ ಅದಾವು, ಆನಿ, ಸಿಂಹ, ಮಂಗ್ಯಾ, ಅಣಬಿ ಹಿಂಗ, ತಮ್ಮ ಕುಲದ ಗುರುತನ್ನ ತಾವು ತಿನ್ನಂಗಿಲ್ಲ. ನಮ್ಮ ಕುರುಬರ ಬೆಡಗಿನ್ಯಾಗ ಆನಿ, ಬೇವು, ಜೀರಿಗಿ ಬರಂಗಿಲ್ಲೇನು, ನಿಮ್ಮ ಓಣಿ ಮರಾಠರನ್ನ ಕೇಳಿದ್ರ ದೇವಕ ಅಂತ ಹೇಳ್ತಾರಲ್ಲ, ಆ ತರಾನ. ಕುಲದೊಳಗಿನ ಕವಲಿಗೆ ಅವರು ಅನ್ನೋದು ಸ್ಸಿಗಾ, ಅಂದ್ರ ಒಲಿ ಗುಂಡು! ನನಗಂತೂ ಈ ಶಬ್ದ ಭಾಳ ಸೇರ್ತು. ಹೆಸರೂ ಕುಲಕ್ಕೊಂದು ನಮೂನಿ, ಹೆಸರು ಕೇಳಿದ್ರ ಕುಲ ಹೇಳಬಹುದು. ಕೆಲವು ಕುಲಕ್ಕ ಹಿಂದಿನಿಂದ ಬಂದ ಕಸಬೂ ಅದಾವು, ನೀರನಾಯಿ ಕುಲದವ್ರು ಮುಟುಬಾ ಗಿಡದ ತೊಗಟಿ ಸುಲದು ಕಟ್ಟಿಗಿ ಕೊಡತಿಲೆ ಬಡದು ಬಡದು ಅರಿವಿ ಮಾಡ್ತಾರ, ಸುಲದ ಗಿಡಕ್ಕ ಬಾಳಿ ಎಲಿ ಸುತ್ತತಾರ, ತೊಗಟಿ ಮತ್ತ ಬೆಳೀತೈತಿ. ಯುನೆಸ್ಕೋ 2008ರ ಪರಂಪರೆ ಪಟ್ಟಿಯೊಳಗ ಈ ಅರಿವಿ ಕೆಲಸಾನೂ ಐತಿ.

ಇನ್ನ ಲಗ್ನದ ಮಾತು. ಒಂದ ಕುಲದಾಗ ಕೊಡೂದು ತರೂದು ಇಲ್ಲ, ಅಲ್ಲಿಗೆ ನಾವೂ ಅವರೂ ಒಂದ. ಆದ್ರ ಅವರಲ್ಲಿ ತಾಯಿ ಕುಲದಾಗೂ ಲಗ್ನ ಬ್ಯಾಡ! ನಾವು ಸೋದರಮಾವನ ಮಗಳಂದ್ರ ಹಕ್ಕಿನ ಹೆಣ್ಣು ಅಂತೀವಿ, ಅವನ ಲೆಕ್ಕದಾಗ ಆಕಿ ತಾಯಿ ಕುಲದಾಕಿ, ಲಗ್ನಕ್ಕ ಬರಂಗಿಲ್ಲ. ತಾಯಿ ಕುಲಕ್ಕ ಅಲ್ಲಿ ಅಷ್ಟು ತೂಕ, ಅವರ ರಾಜ ಕಬಾಕಾ ಹಿಂದಿನಿಂದಲೂ ತಂದೀದಲ್ಲ, ತಾಯಿ ಕುಲ ಹೇಳ್ಕೊಂತಿದ್ದ, ಹಿಂಗಾಗಿ ಯಾವ ಕುಲದ ಮನಿಗೂ ನಮ್ಮ ಮಗಳ ಹೊಟ್ಟಿಲೆ ರಾಜ ಹುಟ್ಟ್ಯಾನು ಅನ್ನೋ ಆಸೆ.

ಲಗ್ನಕ್ಕ ಅವನ್ನ ತಪ್ಪದ ಕರೀರಿ. ಮಾವನ ಮಗಳ ಲೆಕ್ಕ ಮಾತ್ರ ಹೋಳಗಿ ಬಡಸಿದ ಮ್ಯಾಲ ತಗೀರಿ.