ಓದುಗರ ಪ್ರಶ್ನೆಗಳು: ಮೈಬಣ್ಣಕ್ಕೆ ಒಪ್ಪುವ ಬೇಸ್ ಮೇಕಪ್

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತವು. ಮುಖದ ಬಣ್ಣವನ್ನು ಸಮನಾಗಿಸುವ ಫೌಂಡೇಶನ್, ಅದಕ್ಕಿಂತ ತೆಳುವಾದ ಬಿಬಿ ಕ್ರೀಮ್, ಫೌಂಡೇಶನ್‌ಗೆ ಮೊದಲು ಹಚ್ಚುವ ಪ್ರೈಮರ್, ಕಲೆ ಮುಚ್ಚುವ ಕನ್ಸೀಲರ್ ಮುಂತಾದ ಬೇಸ್ ಪ್ರಸಾಧನಗಳನ್ನು ಹೇಗೆ ಆರಿಸಿಕೊಂಡರೆ ಮುಖವು ಬಣ್ಣ ಬಳಿದಂತೆ ಕಾಣದೆ, ತನ್ನದೇ ಕಾಂತಿಯಿಂದ ಕಾಣುತ್ತದೆ ಎಂದು ಅನೇಕರು ಕೇಳಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನದು ಎಣ್ಣೆಗೆಂಪು ಮೈಬಣ್ಣ. ಅಂಗಡಿಯಲ್ಲಿ ಕೈಗೆ ಹಚ್ಚಿ ನೋಡಿದಾಗ ಚೆನ್ನಾಗಿ ಕಂಡ ಫೌಂಡೇಶನ್ ಅನ್ನು ಮನೆಗೆ ತಂದು ಮುಖಕ್ಕೆ ಹಚ್ಚಿಕೊಂಡರೆ ಬೂದಿ ಬಳಿದಂತೆ ಕಾಣುತ್ತದೆ. ನನ್ನ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನು ಕೊಂಡರೆ ಮುಖಕ್ಕೆ ಹೊಳಪು ಬರುತ್ತದೆ ಎಂದು ಮಾರುವವರು ಹೇಳಿದ್ದರು. ತಪ್ಪು ಎಲ್ಲಾಗಿದೆ?

ಉತ್ತರ: ತಪ್ಪು ಆ ಸಲಹೆಯಲ್ಲೇ ಇದೆ. ಕಾಂತಿ ಬೇರೆ, ಬಿಳುಪು ಬೇರೆ. ಚರ್ಮದ ಮೇಲೆ ಬಿದ್ದ ಬೆಳಕು ಹೇಗೆ ಮರಳುತ್ತದೆ ಎಂಬುದರಿಂದ ಕಾಂತಿ ಹುಟ್ಟುತ್ತದೆ. ಅದು ಎಷ್ಟು ಗಾಢವಾದ ಮೈಬಣ್ಣದಲ್ಲಿಯೂ ಇರಬಲ್ಲದು, ಎಷ್ಟು ತಿಳಿಯಾದ ಮೈಬಣ್ಣದಲ್ಲಿಯೂ ಇಲ್ಲದೆ ಹೋಗಬಲ್ಲದು. ಚರ್ಮದ ಹೊರಪದರದಲ್ಲಿ ತೇವವಿದ್ದು ಅದು ನುಣುಪಾಗಿದ್ದರೆ ಬೆಳಕು ಒಂದೇ ಸಮನಾಗಿ ಮರಳಿ ಕಣ್ಣಿಗೆ ಹೊಳಪಾಗಿ ತೋರುತ್ತದೆ. ಅದೇ ಪದರ ಒಣಗಿ ಅದರ ಸಣ್ಣ ಸಣ್ಣ ಹೊಪ್ಪಳಿಕೆಗಳ ಅಂಚು ಎದ್ದಿದ್ದರೆ ಬೆಳಕು ಎಲ್ಲೆಲ್ಲೋ ಚದುರಿ ಮುಖ ಕಳೆಗುಂದಿದಂತೆ ಕಾಣುತ್ತದೆ. ಆ ಒಣಗಿದ ಪದರದ ಮೇಲೆ ಎಷ್ಟೇ ದುಬಾರಿಯ ಫೌಂಡೇಶನ್ ಹಚ್ಚಿದರೂ ಅದು ಹೊಪ್ಪಳಿಕೆಗಳಿಗೆ ಅಂಟಿಕೊಂಡು ಅವುಗಳನ್ನೇ ಎತ್ತಿ ತೋರಿಸುತ್ತದೆ.

ಇನ್ನು ಬೂದಿಯ ಬಣ್ಣದ ವಿಚಾರ. ಫೌಂಡೇಶನ್‌ಗಳ ಛಾಯೆಗಳೆಲ್ಲ ಮುಖ್ಯವಾಗಿ ನಾಲ್ಕು ಪುಡಿಗಳ ಮಿಶ್ರಣದಿಂದ ಬರುತ್ತವೆ: ಹಳದಿ, ಕೆಂಪು ಮತ್ತು ಕಪ್ಪು ಬಣ್ಣದ ಐರನ್ ಆಕ್ಸೈಡ್‌ಗಳು, ಹಾಗೂ ಬಿಳಿಯ ಟೈಟಾನಿಯಂ ಡೈಆಕ್ಸೈಡ್. ತಿಳಿ ಛಾಯೆಯಲ್ಲಿ ಬಿಳಿಯ ಪಾಲು ಹೆಚ್ಚು. ನಿಮ್ಮಂತೆ ಹಳದಿ ಮತ್ತು ಕೆಂಪು ಎರಡೂ ತುಂಬಿರುವ ಮೈಬಣ್ಣದ ಮೇಲೆ ಬಿಳಿ ಹೆಚ್ಚಾದ ತೆಳುಪದರವನ್ನು ಎಳೆದರೆ ಒಳಗಿನ ಬಣ್ಣ ಅದರ ಮೂಲಕ ಮಸುಕಾಗಿ ಇಣುಕುತ್ತದೆ, ಅದೇ ಬೂದು ಬಣ್ಣವಾಗಿ ಕಾಣುತ್ತದೆ. ತಿಳಿ ಛಾಯೆಯನ್ನು ಬಿಟ್ಟು ನಿಮ್ಮ ಬಣ್ಣದಷ್ಟೇ ಗಾಢವಾದ, ಹಳದಿ ಅಥವಾ ಹೊಂಬಣ್ಣದ ಕಡೆಗೆ ವಾಲಿದ ಛಾಯೆಯನ್ನು ತೆಗೆದುಕೊಂಡರೆ ಈ ಬೂದು ತಾನಾಗಿ ಹೋಗುತ್ತದೆ.

ಛಾಯೆಯ ಗಾಢತೆಯಷ್ಟೇ ಮುಖ್ಯವಾದದ್ದು ಅದರ ಒಳಛಾಯೆ, ಅಂದರೆ ಅಂಡರ್‌ಟೋನ್. ಹಳದಿ ಅಥವಾ ಹೊನ್ನಿನ ಕಡೆಗೆ ವಾಲಿದ್ದನ್ನು ವಾರ್ಮ್ ಎಂದೂ, ಗುಲಾಬಿ ಅಥವಾ ನೀಲಿಯ ಕಡೆಗೆ ವಾಲಿದ್ದನ್ನು ಕೂಲ್ ಎಂದೂ, ಎರಡಕ್ಕೂ ನಡುವಿನದನ್ನು ನ್ಯೂಟ್ರಲ್ ಎಂದೂ, ನಸುಹಸಿರು ಬೆರೆತದ್ದನ್ನು ಆಲಿವ್ ಎಂದೂ ಕರೆಯುತ್ತಾರೆ. ಮುಂಗೈಯ ರಕ್ತನಾಳ ಹಸಿರಾಗಿ ಕಂಡರೆ ವಾರ್ಮ್, ನೀಲಿಯಾಗಿ ಕಂಡರೆ ಕೂಲ್ ಎಂಬ ಪರೀಕ್ಷೆ ಬಹಳ ಪ್ರಚಾರದಲ್ಲಿದೆ. ಗಾಢ ಮೈಬಣ್ಣದವರಲ್ಲಿ ನಾಳದ ಬಣ್ಣ ಸ್ಪಷ್ಟವಾಗಿ ಕಾಣುವುದೇ ಇಲ್ಲವಾದ್ದರಿಂದ ನಾನು ಅದನ್ನು ನಂಬುವುದಿಲ್ಲ. ತೊಳೆದ ಮುಖದ ಪಕ್ಕದಲ್ಲಿ ಒಂದು ಅಚ್ಚ ಬಿಳಿಯ ಬಟ್ಟೆಯನ್ನು ಹಿಡಿದು ಹಗಲು ಬೆಳಕಿನಲ್ಲಿ ಕನ್ನಡಿ ನೋಡಿಕೊಳ್ಳಿ; ಮುಖವು ಯಾವ ಬಣ್ಣದ ಕಡೆಗೆ ವಾಲಿದೆ ಎಂಬುದು ಆ ಬಿಳಿಯ ಎದುರಿನಲ್ಲಿ ಬೇಗ ತಿಳಿಯುತ್ತದೆ.

ಕೈಗೆ ಹಚ್ಚಿ ನೋಡಿದ್ದು ಎರಡನೆಯ ತಪ್ಪು. ಕೈಯ ಬಣ್ಣ ಮುಖದ ಬಣ್ಣವಲ್ಲ. ನಿಮಗೆ ಹೊಂದಬಹುದೆನಿಸಿದ ಮೂರು ಛಾಯೆಗಳನ್ನು ಕೆನ್ನೆಯ ಕೆಳಗಿನಿಂದ ದವಡೆಯನ್ನು ದಾಟಿ ಕುತ್ತಿಗೆಯವರೆಗೆ ಪಕ್ಕಪಕ್ಕದಲ್ಲಿ ಗೆರೆಯಂತೆ ಎಳೆದು, ಅಂಗಡಿಯ ದೀಪದಿಂದ ಹೊರಗೆ ಬಂದು ನೋಡಿ. ಯಾವ ಗೆರೆ ಕಾಣದಂತೆ ಚರ್ಮದಲ್ಲಿ ಕರಗಿಹೋಗುತ್ತದೆಯೋ ಅದು ನಿಮ್ಮದು. ಆದರೆ ಆ ಕ್ಷಣವೇ ತೀರ್ಮಾನಿಸಬೇಡಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ. ಹಚ್ಚಿದ ಫೌಂಡೇಶನ್‌ನಲ್ಲಿನ ಬೇಗ ಆವಿಯಾಗುವ ದ್ರವ ಹೋದ ಮೇಲೆ, ಚರ್ಮದ ಎಣ್ಣೆ ಬಣ್ಣದ ಕಣಗಳನ್ನು ನೆನೆಸಿದ ಮೇಲೆ, ಛಾಯೆ ಸ್ವಲ್ಪ ಗಾಢವಾಗುವುದುಂಟು. ಮುಖಕ್ಕೂ ಕುತ್ತಿಗೆಗೂ ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಎರಡರ ನಡುವಿನ ಛಾಯೆಯನ್ನು ಆರಿಸಿ. ಹಣೆ ಮತ್ತು ಬಾಯಿಯ ಸುತ್ತ ಗಾಢವಾಗಿರುವುದು ಅನೇಕರಲ್ಲಿ ಸಹಜ, ಅದನ್ನು ಅಳಿಸಲು ಹೊರಟರೆ ಮುಖ ಚಪ್ಪಟೆಯಾಗಿ ಕಾಣುತ್ತದೆ.

ಎರಡು ಛಾಯೆಗಳ ನಡುವೆ ಸಿಕ್ಕಿಕೊಂಡವರಿಗೆ ಒಂದು ಮಾತು. ಎರಡರಲ್ಲಿ ಗಾಢವಾದದ್ದನ್ನೇ ಕೊಳ್ಳಿ. ನಸು ಗಾಢವಾದ ಫೌಂಡೇಶನ್ ಮುಖಕ್ಕೆ ಬಿಸುಪನ್ನು ಕೊಡುತ್ತದೆ, ನಸು ತಿಳಿಯಾದದ್ದು ಮುಖವನ್ನು ಕುತ್ತಿಗೆಯಿಂದ ಬೇರ್ಪಡಿಸುತ್ತದೆ.

ಪ್ರಶ್ನೆ: ನನ್ನದು ಎಣ್ಣೆ ಚರ್ಮ. ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು ಜಿಡ್ಡಿನಿಂದ ಮಿರುಗುತ್ತವೆ. ಈಗ ಎಲ್ಲರೂ ಮೆಚ್ಚುವ ಡ್ಯೂಯಿ (ಒದ್ದೆಯಂತೆ ಹೊಳೆಯುವ) ಫೌಂಡೇಶನ್ ನನಗೆ ಆಗುತ್ತದೆಯೇ, ಅಥವಾ ಮ್ಯಾಟ್ (ಹೊಳಪಿಲ್ಲದ) ಮಾತ್ರವೇ ಗತಿಯೇ?

ಉತ್ತರ: ಪೂರ್ತಿ ಮ್ಯಾಟ್ ಫೌಂಡೇಶನ್ ಹಚ್ಚಿಕೊಂಡು ಮುಖವನ್ನು ಗೋಡೆಯಂತೆ ಮಾಡಿಕೊಳ್ಳಬೇಕಾದ ಅಗತ್ಯ ನಿಮಗೂ ಇಲ್ಲ. ಕಾಂತಿಗೂ ಜಿಡ್ಡಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಸ್ಥಳದ್ದು. ಹೊಳಪು ಕೆನ್ನೆಯ ಮೂಳೆಯ ಮೇಲ್ಭಾಗದಲ್ಲಿದ್ದರೆ ಅದನ್ನು ನೋಡಿದವರು ಆರೋಗ್ಯವೆನ್ನುತ್ತಾರೆ. ಅದೇ ಹೊಳಪು ಮೂಗಿನ ಪಕ್ಕದಲ್ಲಿ, ಹಣೆಯ ನಡುವೆ, ಗಲ್ಲದಲ್ಲಿ ಇದ್ದರೆ ಜಿಡ್ಡೆನ್ನುತ್ತಾರೆ. ಎಣ್ಣೆಯ ಗ್ರಂಥಿಗಳು ಈ ಮಧ್ಯದ ಭಾಗದಲ್ಲಿಯೇ ದಟ್ಟವಾಗಿರುವುದರಿಂದ ಇಡೀ ಮುಖಕ್ಕೆ ಒಂದೇ ಉಪಾಯ ಮಾಡುವುದು ಸರಿಯಲ್ಲ.

ನಾನು ಹೇಳುವುದು ಹೀಗೆ. ಎಣ್ಣೆ ಚರ್ಮದವರು ಮಾಯಿಶ್ಚರೈಸರ್ ಬೇಡವೆಂದು ಬಿಟ್ಟುಬಿಡುವುದನ್ನು ಮೊದಲು ನಿಲ್ಲಿಸಬೇಕು. ಎಣ್ಣೆ ಇದ್ದೂ ನೀರಿನಂಶ ಇಲ್ಲದ ಚರ್ಮ ಬಹಳ ಸಾಮಾನ್ಯ, ಅಂಥ ಚರ್ಮದ ಮೇಲೆ ಫೌಂಡೇಶನ್ ಕೆಲವೇ ಗಂಟೆಗಳಲ್ಲಿ ತೇಪೆ ತೇಪೆಯಾಗಿ ಒಡೆಯುತ್ತದೆ. ಗ್ಲಿಸರಿನ್ ಅಥವಾ ಹೈಲುರಾನಿಕ್ ಆಮ್ಲವಿರುವ ಹಗುರವಾದ ಜೆಲ್ ರೂಪದ ಮಾಯಿಶ್ಚರೈಸರ್ ಹಚ್ಚಿ, ಅದು ಹೀರಿಕೊಳ್ಳಲು ಐದು ನಿಮಿಷ ಕಾಯಿರಿ. ಡೈಮೆಥಿಕೋನ್‌ನಂಥ ಸಿಲಿಕೋನ್ ಇರುವ ಪ್ರೈಮರ್ ಅನ್ನು ಮೂಗು, ಹಣೆಯ ನಡುಭಾಗ ಮತ್ತು ಗಲ್ಲಕ್ಕೆ ಮಾತ್ರ ಒತ್ತಿ ಹಚ್ಚಿ; ಅದು ರಂಧ್ರಗಳ ಮೇಲೆ ತೆಳುವಾದ ಹಾಸಿನಂತೆ ಕೂರುತ್ತದೆ. ಅದರ ಮೇಲೆ ಸ್ಯಾಟಿನ್ ಅಥವಾ ನ್ಯಾಚುರಲ್ ಫಿನಿಶ್ (ಹದವಾದ ಹೊಳಪು) ಎಂದು ಬರೆದಿರುವ ದ್ರವರೂಪದ ಫೌಂಡೇಶನ್ ಅನ್ನು ತೆಳುವಾಗಿ ಹರಡಿ. ಡ್ಯೂಯಿ ಎಂಬುದು ಒಣ ಚರ್ಮದವರಿಗೆ ಹೆಚ್ಚು ಒಪ್ಪುತ್ತದೆ. ನಿಮ್ಮ ಚರ್ಮವೇ ಕೆಲವು ಗಂಟೆಗಳಲ್ಲಿ ಸ್ಯಾಟಿನ್ ಫಿನಿಶ್ ಅನ್ನು ಡ್ಯೂಯಿ ಮಾಡಿಕೊಡುತ್ತದೆ. ಕೊನೆಯಲ್ಲಿ ಪೌಡರ್ ಅನ್ನು ಸಣ್ಣ ಬ್ರಷ್‌ನಿಂದ ಜಿಡ್ಡು ಬರುವ ಜಾಗಗಳಿಗೆ ಮಾತ್ರ ಹಾಕಿ, ಕೆನ್ನೆಯನ್ನು ಹಾಗೆಯೇ ಬಿಡಿ. ಮಧ್ಯಾಹ್ನ ಜಿಡ್ಡು ಕಂಡಾಗ ಮೊದಲು ತೆಳುಕಾಗದದಿಂದ ಎಣ್ಣೆಯನ್ನು ಒತ್ತಿ ತೆಗೆಯಬೇಕು. ಎಣ್ಣೆಯ ಮೇಲೆಯೇ ಪೌಡರ್ ಹಾಕುತ್ತ ಹೋದರೆ ಅದು ಹಿಟ್ಟಿನ ಮುದ್ದೆಯಂತಾಗುತ್ತದೆ.

ಪ್ರೈಮರ್ ಮತ್ತು ಫೌಂಡೇಶನ್ ಒಂದಕ್ಕೊಂದು ಹೊಂದುವುದೇ ಎಂಬುದನ್ನೂ ಗಮನಿಸಿ. ನೀರು ಪ್ರಧಾನವಾದ ಒಂದರ ಮೇಲೆ ಸಿಲಿಕೋನ್ ಪ್ರಧಾನವಾದ ಇನ್ನೊಂದನ್ನು ಉಜ್ಜಿದಾಗ ಕೆಲವೊಮ್ಮೆ ರಬ್ಬರಿನಿಂದ ಅಳಿಸಿದಾಗ ಬರುವಂಥ ಸಣ್ಣ ಸುರುಳಿಗಳು ಏಳುತ್ತವೆ. ಕೊಳ್ಳುವ ಮೊದಲು ಎರಡನ್ನೂ ಕೈಯ ಮೇಲೆ ಒಟ್ಟಿಗೆ ಉಜ್ಜಿ ನೋಡಿದರೆ ಇದು ತಿಳಿಯುತ್ತದೆ. ಕೈ ಉಪಯೋಗಕ್ಕೆ ಬರುವುದು ಈ ಪರೀಕ್ಷೆಗೆ.

ಪ್ರಶ್ನೆ: ನನ್ನ ಫೌಂಡೇಶನ್‌ನಲ್ಲಿ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಇದೆ. ಬೇರೆ ಸನ್‌ಸ್ಕ್ರೀನ್ ಬೇಕೆ?

ಉತ್ತರ: ಬೇಕು. ಲೇಬಲ್ ಮೇಲಿನ ಆ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಷ್ಟು ಹಚ್ಚಿರುತ್ತಾರೆ. ಫೌಂಡೇಶನ್ ಅನ್ನು ಅಷ್ಟು ದಪ್ಪವಾಗಿ ಯಾರೂ ಹಚ್ಚಿಕೊಳ್ಳುವುದಿಲ್ಲ, ಹಚ್ಚಿಕೊಂಡರೆ ಸಹಜವಾಗಿ ಕಾಣುವುದೂ ಇಲ್ಲ. ಮಾಯಿಶ್ಚರೈಸರ್ ಆದ ಮೇಲೆ, ಬೇಸ್‌ಗೆ ಮೊದಲು, ಸನ್‌ಸ್ಕ್ರೀನ್ ಅನ್ನು ಪ್ರತ್ಯೇಕವಾಗಿ ಹಚ್ಚಿ. ಬಂಗು ಇರುವವರಿಗೆ ಬಣ್ಣ ಬೆರೆತ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ, ಏಕೆಂದರೆ ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಒಂದಿಷ್ಟು ತಡೆಯುತ್ತದೆ. ಬಂಗು ಗಾಢವಾಗಲು ಆ ಬೆಳಕೂ ಕಾರಣ. ಅನೇಕರಿಗೆ ಇಂಥ ಸನ್‌ಸ್ಕ್ರೀನ್ ಒಂದೇ ದಿನನಿತ್ಯದ ಬೇಸ್ ಆಗಿ ಸಾಕಾಗುತ್ತದೆ.

ಪ್ರಶ್ನೆ: ಕಣ್ಣಿನ ಕೆಳಗೆ ಕಪ್ಪು, ಕೆನ್ನೆಯಲ್ಲಿ ಮೊಡವೆಯ ಕಲೆಗಳು. ಇವನ್ನು ಮುಚ್ಚಲು ಫುಲ್ ಕವರೇಜ್ ಫೌಂಡೇಶನ್ ಹಚ್ಚಿದರೆ ಮುಖವಾಡದಂತೆ ಕಾಣುತ್ತದೆ, ತೆಳುವಾದದ್ದು ಹಚ್ಚಿದರೆ ಏನೂ ಮುಚ್ಚುವುದಿಲ್ಲ. ಏನು ಮಾಡಲಿ?

ಉತ್ತರ: ನಾಲ್ಕು ಕಲೆಗಳಿಗಾಗಿ ಇಡೀ ಮುಖವನ್ನು ಮುಚ್ಚುತ್ತಿದ್ದೀರಿ, ಮುಖವಾಡದ ಭಾವನೆ ಬರುವುದು ಅದರಿಂದ. ಇಡೀ ಮುಖಕ್ಕೆ ಸ್ಕಿನ್ ಟಿಂಟ್, ಬಿಬಿ ಕ್ರೀಮ್ ಅಥವಾ ಟಿಂಟೆಡ್ ಮಾಯಿಶ್ಚರೈಸರ್‌ನಂಥ ತೆಳುವಾದದ್ದನ್ನು ಹಚ್ಚಿ, ಚರ್ಮ ಅದರ ಮೂಲಕ ಕಾಣಲಿ. ಅನಂತರ ಉಳಿದ ಕಲೆಯ ಮೇಲೆ ಮಾತ್ರ, ನಿಮ್ಮ ಮೈಬಣ್ಣದ್ದೇ ಛಾಯೆಯ ಕನ್ಸೀಲರ್ ಅನ್ನು ಮೊನಚಾದ ಸಣ್ಣ ಬ್ರಷ್‌ನಿಂದ ಚುಕ್ಕಿಯಿಟ್ಟು, ಒಂದು ನಿಮಿಷ ಆರಲು ಬಿಟ್ಟು, ಚುಕ್ಕಿಯ ಅಂಚನ್ನಷ್ಟೇ ಬೆರಳಿನಿಂದ ತಟ್ಟಿ ಬೆರೆಸಿ. ನಡುವನ್ನು ಮುಟ್ಟಿದರೆ ಹಚ್ಚಿದ್ದೆಲ್ಲ ಎದ್ದುಬರುತ್ತದೆ. ತಿಳಿ ಛಾಯೆಯ ಕನ್ಸೀಲರ್ ಅನ್ನು ಕಲೆಗೆ ಹಚ್ಚಬೇಡಿ, ಅದು ಕಲೆಗೆ ದೀಪ ಹಿಡಿದಂತಾಗುತ್ತದೆ.

ಕಣ್ಣಿನ ಕೆಳಗಿನ ಕಪ್ಪಿಗೆ ಕನ್ಸೀಲರ್ ಒಂದೇ ಸಾಲದು. ಅಲ್ಲಿನ ಬಣ್ಣ ನೀಲಿ ಬೆರೆತ ಕಂದು. ಅದರ ಮೇಲೆ ನೇರವಾಗಿ ಕನ್ಸೀಲರ್ ಹಚ್ಚಿದರೆ ಬೂದುಬೂದಾಗುತ್ತದೆ. ನೀಲಿಯ ಎದುರು ಬಣ್ಣ ಕಿತ್ತಳೆಯಾದ್ದರಿಂದ ಮೊದಲು ಬಹಳ ತೆಳುವಾಗಿ, ತಿಳಿ ಮೈಬಣ್ಣದವರು ಪೀಚ್ ಬಣ್ಣದ, ಗಾಢ ಮೈಬಣ್ಣದವರು ಕಿತ್ತಳೆಯ ಕರೆಕ್ಟರ್ ಹಚ್ಚಬೇಕು. ಆಮೇಲೆ ಬೇಕಾಗುವ ಕನ್ಸೀಲರ್ ಅರ್ಧಕ್ಕಿಂತ ಕಡಿಮೆ. ಆದರೆ ಕಣ್ಣಿನ ಕೆಳಗಿನ ಕಪ್ಪು ಕೆಲವರಲ್ಲಿ ಬಣ್ಣವೇ ಅಲ್ಲ, ಅಲ್ಲಿನ ತಗ್ಗಿನಿಂದ ಬೀಳುವ ನೆರಳು. ಕನ್ನಡಿಯ ಮುಂದೆ ಮುಖವನ್ನು ಮೇಲೆತ್ತಿ ಕಿಟಕಿಯ ಬೆಳಕಿಗೆ ಒಡ್ಡಿದಾಗ ಕಪ್ಪು ಮಾಯವಾದರೆ ಅದು ನೆರಳು. ನೆರಳಿಗೆ ಮಾತ್ರ ನಿಮ್ಮ ಮೈಬಣ್ಣಕ್ಕಿಂತ ನಸು ತಿಳಿಯಾದ ಕನ್ಸೀಲರ್ ಸಲ್ಲುತ್ತದೆ.

ಮೊಡವೆಗಳು ಇನ್ನೂ ಏಳುತ್ತಿದ್ದರೆ ಒಂದು ಎಚ್ಚರಿಕೆ. ನಾನ್-ಕೊಮೆಡೊಜೆನಿಕ್, ಅಂದರೆ ಚರ್ಮದ ರಂಧ್ರಗಳನ್ನು ಮುಚ್ಚುವುದಿಲ್ಲ, ಎಂಬ ಪದ ಒಳ್ಳೆಯ ಸೂಚನೆಯೇ ಹೊರತು ಖಾತರಿಯಲ್ಲ. ಹೊಸದನ್ನು ಮೊದಲು ದವಡೆಯ ಒಂದು ಬದಿಗೆ ಕೆಲವು ದಿನ ಹಚ್ಚಿ ನೋಡಿ, ಮತ್ತು ಸ್ಪಂಜನ್ನು ಪ್ರತಿ ಸಲ ಬಳಸಿದ ಮೇಲೆ ಸೋಪು ಹಾಕಿ ತೊಳೆದು ಗಾಳಿಯಲ್ಲಿ ಒಣಗಿಸಿ.

ಪ್ರಶ್ನೆ: ನನಗೆ 58 ವರ್ಷ. ಫೌಂಡೇಶನ್ ಹಚ್ಚಿದರೆ ಸುಕ್ಕುಗಳಲ್ಲಿ ಹೋಗಿ ಕೂರುತ್ತದೆ, ಹಚ್ಚದಿದ್ದಾಗಲೇ ಚಿಕ್ಕವಳಂತೆ ಕಾಣುತ್ತೇನೆ ಎಂದು ಮಗಳು ಹೇಳುತ್ತಾಳೆ. ಈ ವಯಸ್ಸಿನಲ್ಲಿ ಇದೆಲ್ಲ ಬಿಟ್ಟುಬಿಡಬೇಕೆ?

ಉತ್ತರ: ದಯವಿಟ್ಟು ಬಿಡಬೇಡಿ, ನಿಮಗೆ ಅದರಿಂದ ಸಂತೋಷವಿದೆ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಬಿಡಬೇಕಾದದ್ದು ಪೌಡರ್ ಮತ್ತು ಮ್ಯಾಟ್ ಫೌಂಡೇಶನ್. ವಯಸ್ಸಾದಂತೆ ಚರ್ಮದ ಎಣ್ಣೆ ಕಡಿಮೆಯಾಗುತ್ತದೆ, ಹೊರಪದರ ಹೊಸದಾಗುವುದು ನಿಧಾನವಾಗುತ್ತದೆ, ಆದ್ದರಿಂದ ಒಣ ಪುಡಿ ಯಾವುದೇ ಆದರೂ ಗೆರೆಗಳನ್ನು ಹುಡುಕಿಕೊಂಡು ಹೋಗಿ ಕೂರುತ್ತದೆ. ಕೆನೆಯಂಥ ಮಾಯಿಶ್ಚರೈಸರ್ ಅನ್ನು ಧಾರಾಳವಾಗಿ ಹಚ್ಚಿ ಹತ್ತು ನಿಮಿಷ ಬಿಡಿ. ನೀರಿನಂತೆ ತೆಳುವಾದ ಸೀರಮ್ ಫೌಂಡೇಶನ್ ಅಥವಾ ಕುಶನ್ (ಡಬ್ಬಿಯೊಳಗಿನ ಸ್ಪಂಜಿನಲ್ಲಿ ನೆನೆಸಿಟ್ಟ ಫೌಂಡೇಶನ್) ಅನ್ನು ಮುಖದ ನಡುವಿನಿಂದ ಹೊರಕ್ಕೆ, ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ತಟ್ಟುತ್ತ ಹೋಗಿ. ಒದ್ದೆಯ ಸ್ಪಂಜು ಫೌಂಡೇಶನ್ ಅನ್ನು ಕಡಿಮೆ ಹೀರುತ್ತದೆ, ತೆಳುವಾಗಿ ಹರಡುತ್ತದೆ. ಹೆಚ್ಚು ನಗುವಾಗ ಮಡಿಸುವ ಜಾಗಗಳಿಗೆ, ಅಂದರೆ ಕಣ್ಣಿನ ತುದಿಗೆ ಮತ್ತು ಬಾಯಿಯ ಇಕ್ಕೆಲಕ್ಕೆ, ಹೊಸದಾಗಿ ಹಚ್ಚುವುದೇ ಬೇಡ, ಸ್ಪಂಜಿನಲ್ಲಿ ಉಳಿದದ್ದೇ ಸಾಕು. ಹೊಳೆಯುವ ಕಣಗಳು ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವಂಥ ಹೈಲೈಟರ್ ಗೆರೆಗಳನ್ನು ಎತ್ತಿ ತೋರಿಸುತ್ತದೆ. ನಿಮಗೆ ಬೇಕಾದದ್ದು ಕಣ ಕಾಣದ, ಕೆನೆರೂಪದ್ದು. ಅದನ್ನು ಬೆರಳ ತುದಿಯಷ್ಟು, ಕೆನ್ನೆಯ ಮೂಳೆಯ ಮೇಲೆ ಮಾತ್ರ ಹಚ್ಚಿ.

ಪ್ರಶ್ನೆ: ಕನ್ನಡಿಯಲ್ಲಿ ಸರಿಯಾಗಿ ಕಾಣುವ ನನ್ನ ಮುಖ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಬಿಳಿಯ ಮಚ್ಚೆಯಂತೆ ಬರುತ್ತದೆ. ಫೌಂಡೇಶನ್ ಬದಲಿಸಬೇಕೆ?

ಉತ್ತರ: ಮೊದಲು ಪೌಡರ್ ಬದಲಿಸಿ. ಬಣ್ಣವಿಲ್ಲದ, ಎಚ್‌ಡಿ ಎಂಬ ಹೆಸರಿನಲ್ಲಿ ಬರುವ ಸಿಲಿಕಾ ಪೌಡರ್ ಹೆಚ್ಚಾದಾಗ ಅದು ಫ್ಲ್ಯಾಶ್‌ನ ಬೆಳಕನ್ನು ಕ್ಯಾಮೆರಾಕ್ಕೇ ಹಿಂದಿರುಗಿಸುತ್ತದೆ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಸನ್‌ಸ್ಕ್ರೀನ್ ಕೂಡ ಹೀಗೆ ಮಾಡಬಲ್ಲದು. ನಿಮ್ಮ ಮೈಬಣ್ಣದ ಪೌಡರ್ ಬಳಸಿ, ಹೆಚ್ಚಾದದ್ದನ್ನು ದೊಡ್ಡ ಬ್ರಷ್‌ನಿಂದ ಕೊಡವಿ, ಹೊರಡುವ ಮೊದಲು ಮಂದ ಬೆಳಕಿನ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ. ಬಿಳಿ ಎಲ್ಲಿ ಕಾಣುತ್ತದೆಯೋ ಅಲ್ಲಿ ಒದ್ದೆಯ ಸ್ಪಂಜನ್ನು ಒತ್ತಿದರೆ ಅದು ಬಹುಮಟ್ಟಿಗೆ ಇಳಿಯುತ್ತದೆ.