ಮೂರು ದಿನದಲ್ಲಿ ಇಎಸ್‌ಜಿ ಸರ್ಟಿಫಿಕೇಟ್ ಕೊಡುತ್ತೇನೆ ಅನ್ನುವವರನ್ನು ನಂಬಬೇಡಿ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು: ಇಎಸ್‌ಜಿ, ಅಂದರೆ ಪರಿಸರ, ಕೆಲಸಗಾರರು, ಆಡಳಿತ ಇವನ್ನು ಕಂಪನಿ ಹೇಗೆ ನೋಡಿಕೊಳ್ಳುತ್ತದೆ ಅನ್ನುವ ಲೆಕ್ಕ. ಹೋದ ತಿಂಗಳೂ ಹಾಗೇ ಆಗಿತ್ತು. ಉತ್ತರ ಕೊಟ್ಟ ಮೇಲೂ ಜನ ಮೋಸ ಹೋಗುತ್ತಲೇ ಇದ್ದಾರೆ. ಅದಕ್ಕೇ ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ.

ಪ್ರಶ್ನೆ: ಸಾರ್, ಪೀಣ್ಯದಲ್ಲಿ ನಮ್ಮದೊಂದು ಮೆಷಿನ್ ಶಾಪ್ ಇದೆ. ಒಟ್ಟು 22 ಜನ, ಅದರಲ್ಲಿ 9 ಜನ ಕಂಟ್ರಾಕ್ಟ್‌ನವರು. ನಾವು ಮಾಲು ಕೊಡುವ ದೊಡ್ಡ ಕಂಪನಿ 80 ಪ್ರಶ್ನೆಗಳ ಇಎಸ್‌ಜಿ ಫಾರಂ ಕಳಿಸಿದೆ. 65 ಸಾವಿರ ಕೊಟ್ಟರೆ ಮೂರು ದಿನದಲ್ಲಿ ಸರ್ಟಿಫಿಕೇಟ್ ತಂದು, ಫಾರಂ ಕೂಡ ತುಂಬಿಕೊಡುತ್ತೇನೆ ಅಂತ ಒಬ್ಬ ಕನ್ಸಲ್ಟೆಂಟ್ ಹೇಳುತ್ತಿದ್ದಾನೆ. ಕೊಡಬಹುದಾ?

ಕೊಡಬೇಡಿ. ನಿಮ್ಮಂಥ ಶಾಪ್ ಇಂಥ ಸರ್ಟಿಫಿಕೇಟ್ ಇಟ್ಟುಕೊಳ್ಳಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಮೂರು ದಿನದಲ್ಲಿ ಅವನು ಮಾಡುವುದು ಇಷ್ಟೇ. ಬೇರೆ ಯಾವುದೋ ಕಂಪನಿ ಬರೆದಿಟ್ಟ ನಿಯಮಗಳ ಪ್ರತಿಯಲ್ಲಿ (ಪಾಲಿಸಿ) ಹೆಸರು ಬದಲಾಯಿಸಿ ಪ್ರಿಂಟ್ ಹಾಕುತ್ತಾನೆ. ಒಂದು ಕಡೆ ಹೆಸರು ಬದಲಾಯಿಸುವುದನ್ನೇ ಮರೆತಿದ್ದರು. ಆಡಿಟ್‌ಗೆ ಬಂದವರು ಏಳನೇ ಪುಟದಲ್ಲಿ ಇನ್ನೊಂದು ಕಂಪನಿಯ ಹೆಸರು ಓದಿದಾಗ ನಾನು ಅದೇ ಕೋಣೆಯಲ್ಲಿದ್ದೆ. ಆ ಮಾಲೀಕರ ಮುಖ ಇವತ್ತಿಗೂ ಮರೆತಿಲ್ಲ.

ಮೊದಲು ಆ ಫಾರಂ ಯಾಕೆ ಬಂತು ಅಂತ ತಿಳಿದುಕೊಳ್ಳಿ. ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು ಪ್ರತಿ ವರ್ಷ ಬಿಆರ್‌ಎಸ್‌ಆರ್ ಅನ್ನುವ ಇಎಸ್‌ಜಿ ವರದಿ ಕೊಡಬೇಕು, ಇದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ. ಮೊದಲ 250 ಕಂಪನಿಗಳಿಗೆ ತಮಗೆ ಮಾಲು ಕೊಡುವವರ ಲೆಕ್ಕವನ್ನೂ ಸೇರಿಸಲು 2025-26ರಿಂದ ಹೇಳಿದ್ದಾರೆ. ಅದೂ ಸ್ವಇಚ್ಛೆಯಿಂದ. ಒಟ್ಟು ಖರೀದಿಯಲ್ಲಿ ಶೇ. 2ರಷ್ಟಾದರೂ ಪಾಲಿರುವವರು ಮಾತ್ರ ಈ ಲೆಕ್ಕಕ್ಕೆ ಬರುತ್ತಾರೆ. ನೀವು ಅದರಲ್ಲಿ ಇರುವುದು ಅನುಮಾನ. ಹಾಗಾಗಿ ಪರ್ಚೇಸ್ ವಿಭಾಗಕ್ಕೆ ಫೋನ್ ಮಾಡಿ, ಈ 80ರಲ್ಲಿ ನಿಮಗೆ ನಿಜಕ್ಕೂ ಬೇಕಾದವು ಯಾವುವು ಅಂತ ನೇರವಾಗಿ ಕೇಳಿ. ಕೇಳಲು ಯಾರೂ ಹೆದರಬೇಕಿಲ್ಲ. ಎಷ್ಟೋ ಸಲ 80 ಇದ್ದದ್ದು 15ಕ್ಕೆ ಇಳಿದದ್ದು ನೋಡಿದ್ದೇನೆ.

ಇನ್ನು ಫಾರಂನಲ್ಲಿ ಕೇಳುವ ಕಾರ್ಬನ್ ಲೆಕ್ಕ, ಅಂದರೆ ನಿಮ್ಮ ಶಾಪ್‌ನಿಂದ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಅಂತ. ಇದಕ್ಕೆ ಸಾಫ್ಟ್‌ವೇರ್ ಬೇಕು ಅಂತ ಹೇಳಿದವರನ್ನು ಗೇಟಿನಿಂದಲೇ ಕಳಿಸಿ. ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ ತೆಗೆಯಿರಿ. ತಿಂಗಳಿಗೆ 8000 ಯೂನಿಟ್ ಅಂದುಕೊಳ್ಳೋಣ, ವರ್ಷಕ್ಕೆ 96,000. ನಮ್ಮ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿದರೆ 67 ಟನ್. ಜನರೇಟರ್‌ಗೆ ತಿಂಗಳಿಗೆ 100 ಲೀಟರ್ ಡೀಸೆಲ್ ಹಾಕಿದರೆ, ಲೀಟರ್‌ಗೆ 2.68 ಕಿಲೋದಂತೆ ವರ್ಷಕ್ಕೆ 3.2 ಟನ್. ಒಟ್ಟು 70 ಟನ್ ಆಸುಪಾಸು. ಮುಗಿಯಿತು. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಗ್ರಿಡ್‌ನ ಅಂಕಿ ಪ್ರಕಟಿಸುತ್ತದೆ. ಫಾರಂ ತುಂಬುವಾಗ ಆ ವರ್ಷದ್ದನ್ನೇ ಹಾಕಿ, ಯಾವ ವರ್ಷದ್ದು ಅಂತಲೂ ಬರೆಯಿರಿ.

ಅದನ್ನು ಕಡಿಮೆ ಮಾಡುವುದಕ್ಕೆ ಸೋಲಾರ್‌ನಿಂದ ಶುರು ಮಾಡಬೇಡಿ. ಕಂಪ್ರೆಸರ್‌ನಿಂದ ಶುರು ಮಾಡಿ. ಭಾನುವಾರ ಮೆಷಿನ್ ಎಲ್ಲಾ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಓಡಿಸಿ. ಗಾಳಿ ತುಂಬಲು ಎಷ್ಟು ಹೊತ್ತು, ಸುಮ್ಮನಿರುವುದು ಎಷ್ಟು ಹೊತ್ತು ಅಂತ ನಾಲ್ಕೈದು ಸಲ ಬರೆದುಕೊಳ್ಳಿ. 2 ನಿಮಿಷ ತುಂಬಿ 6 ನಿಮಿಷ ಸುಮ್ಮನಿದ್ದರೆ, 8 ನಿಮಿಷದಲ್ಲಿ 2. ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ಕಾಲು ಭಾಗ ಸೋರುತ್ತಿದೆ. ಯಾರೂ ಕೆಲಸ ಮಾಡದ ದಿನ ಗಾಳಿ ಹೋಗುವುದಾದರೂ ಎಲ್ಲಿಗೆ, ಅಲ್ವಾ? ಸೋಪಿನ ನೀರು ಹಚ್ಚಿ ಜಾಯಿಂಟ್‌ಗಳಲ್ಲಿ ಗುಳ್ಳೆ ಹುಡುಕಿ. ಸೋರಿಕೆ ನಿಂತ ಮೇಲೆ ಒತ್ತಡ ಒಂದು ಬಾರ್ ಇಳಿಸಿ ನೋಡಿ. ಕಂಪ್ರೆಸರ್ ತಿನ್ನುವ ಕರೆಂಟ್ ಸುಮಾರು ಶೇ. 6-7 ಇಳಿಯುತ್ತದೆ.

ಹಳೇ ಆಯಿಲ್ ಯಾರಿಗೆ ಕೊಡುತ್ತಿದ್ದೀರಿ? ಗುಜರಿಯವನಿಗೆ ಅಂತಾದರೆ ಇವತ್ತೇ ನಿಲ್ಲಿಸಿ. ಅದು ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಫಾರಂ 10 (ತ್ಯಾಜ್ಯ ಸಾಗಿಸುವ ದಾಖಲೆ) ಬರೆದು ಕೊಡಬೇಕು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ್ದು ಹೇಗೆ ಅಂತ ಅಲ್ಲಿರುವ ನಿಮಗೆ ನಾನು ಹೇಳಬೇಕಾ? ಒಬ್ಬೊಬ್ಬರೂ "ನಮ್ಮದು ಸ್ವಲ್ಪವೇ" ಅಂದುಕೊಂಡು ಚರಂಡಿಗೆ ಬಿಟ್ಟಿದ್ದರಿಂದ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಆ 9 ಜನರ ವಿಷಯಕ್ಕೆ. "ನಮ್ಮ ರೋಲ್‌ನಲ್ಲಿ 13 ಜನ, ಪಿಎಫ್ ಬರುವುದಿಲ್ಲ" ಅಂತ ನೀವೂ ಅಂದುಕೊಂಡಿರಬಹುದು. ಬರುತ್ತದೆ. ಪಿಎಫ್‌ಗೆ 20 ಜನ, ಇಎಸ್‌ಐಗೆ 10 ಜನ. ಕಂಟ್ರಾಕ್ಟ್‌ನವರೂ ಆ ಲೆಕ್ಕದಲ್ಲಿದ್ದಾರೆ. ಕಂಟ್ರಾಕ್ಟರ್ ದುಡ್ಡು ಕಟ್ಟದಿದ್ದರೆ ಕೊನೆಗೆ ಹೊಣೆ ನಿಮ್ಮದೇ. ಪ್ರತಿ ತಿಂಗಳು ಅವನ ಬಿಲ್ ಪಾಸ್ ಮಾಡುವ ಮೊದಲು ಪಿಎಫ್, ಇಎಸ್‌ಐ ಚಲನ್ ಕೇಳಿ, ಹೆಸರುಗಳನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ. ಪ್ರೆಸ್‌ನಲ್ಲಿ ಬೆರಳು ಹೋದ ಹುಡುಗನನ್ನು ಆಸ್ಪತ್ರೆಗೆ ಸೇರಿಸುವಾಗ ಅವನ ಇಎಸ್‌ಐ ನಂಬರೇ ಇಲ್ಲ ಅಂತ ಗೊತ್ತಾಗಬಾರದು.

ಇಷ್ಟು ಮಾಡಿ ಫಾರಂ ನೀವೇ ತುಂಬಿ. ಇಲ್ಲದ್ದಕ್ಕೆ "ಇಲ್ಲ, ಮಾರ್ಚ್ ಒಳಗೆ ಮಾಡುತ್ತೇವೆ" ಅಂತ ಬರೆಯಿರಿ. "ಇಲ್ಲ" ಅಂದ ಮಾತ್ರಕ್ಕೆ ಆರ್ಡರ್ ಹೋದದ್ದನ್ನು ನಾನು ನೋಡಿಲ್ಲ. ಸುಳ್ಳು ಸಿಕ್ಕಿಬಿದ್ದು ಹೋದದ್ದನ್ನು ನೋಡಿದ್ದೇನೆ.

ಪ್ರಶ್ನೆ: ಫ್ಯಾಕ್ಟರಿ ಸುತ್ತ 50 ಗಿಡ ನೆಟ್ಟಿದ್ದೇವೆ. ಕಾರ್ಬನ್ ನ್ಯೂಟ್ರಲ್ ಅಂತ ಬೋರ್ಡ್ ಹಾಕಬಹುದಾ?

ಬೇಡ. ಗಿಡಕ್ಕೆ ನೀರು ಹಾಕಿ.

ಪ್ರಶ್ನೆ: ನಮ್ಮಲ್ಲಿ 14 ಜನರಲ್ಲಿ ಹೆಂಗಸರು ಇಬ್ಬರೇ. ಲೈಂಗಿಕ ಕಿರುಕುಳ ತಡೆ ಸಮಿತಿ ಬೇಕಾ?

ಬೇಕು. 2013ರ ಕಾಯ್ದೆ ನೋಡುವುದು ಒಟ್ಟು ಕೆಲಸಗಾರರನ್ನು, 10 ಜನ ಇದ್ದರೆ ಸಾಕು. ಇಬ್ಬರೇ ಇರುವ ಕಡೆ ಅವರಿಗೆ ಹೇಳಿಕೊಳ್ಳಲು ಇನ್ನೂ ಕಷ್ಟ.

ಪ್ರಶ್ನೆ: ಯುರೋಪಿಗೆ ಉಕ್ಕಿನ ಬೋಲ್ಟ್ ಕಳಿಸುತ್ತೇವೆ. ನಮಗೂ ಇಷ್ಟೇ ಸಾಕಾ?

ಸಾಲದು. ಹೊರಗಿನಿಂದ ಬರುವ ಮಾಲಿನ ಇಂಗಾಲಕ್ಕೆ ಅಲ್ಲಿ ಹಾಕುವ ಕಾರ್ಬನ್ ಗಡಿ ತೆರಿಗೆಯ ಪಟ್ಟಿಯಲ್ಲಿ ಬೋಲ್ಟ್, ನಟ್, ಸ್ಕ್ರೂ ಇವೆ. 2026ರ ಜನವರಿ 1ರಿಂದ ಅದು ಪೂರ್ತಿ ಜಾರಿ. ನಿಮ್ಮ ಕರೆಂಟ್‌ಗಿಂತ ನೀವು ತರುವ ಉಕ್ಕಿನದ್ದೇ ದೊಡ್ಡ ಲೆಕ್ಕ, ಅದನ್ನು ಮಿಲ್‌ನವರೇ ಕೊಡಬೇಕು. ಎಚ್‌ಎಸ್ ಕೋಡ್ (ರಫ್ತು ಕಾಗದದಲ್ಲಿ ಮಾಲಿಗೆ ಹಾಕುವ ಸಂಖ್ಯೆ) ಮತ್ತು ಉಕ್ಕು ಎಲ್ಲಿಂದ ತರುತ್ತೀರಿ ಅನ್ನುವುದನ್ನು ಬರೆದು ಕಳಿಸಿ, ಮುಂದಿನ ತಿಂಗಳು ವಿವರವಾಗಿ ಬರೆಯುತ್ತೇನೆ.