ಬೆಳಿಗ್ಗೆ ಮಾತ್ರ ಬ್ಯಾಗ್ ಫಿಲ್ಟರ್ ಕಟ್ಟಿಕೊಳ್ಳುತ್ತಿದ್ದರೆ

ಭತ್ತದ ಹೊಟ್ಟಿನ ಒಲೆಗೆ ಹೊಸ ಬ್ಯಾಗ್ ಫಿಲ್ಟರ್ (ಹೊಗೆಯ ಬೂದಿ ಹಿಡಿಯುವ ಬಟ್ಟೆ ಚೀಲಗಳು) ಹಾಕಿದ್ದೀರಿ, ಬೆಳಿಗ್ಗೆ ಹೊತ್ತಿಸಿದಾಗ ಮಾತ್ರ ಡಿಪಿ (ಬ್ಯಾಗಿನ ಎರಡು ಬದಿಯ ಒತ್ತಡದ ವ್ಯತ್ಯಾಸ, ನೀರಿನ ಎತ್ತರದಲ್ಲಿ) 250 ಮಿ.ಮೀ., ಒಲೆ ಬಾಯಿಂದ ಹೊಗೆ ವಾಪಸ್ ಅಂತ ಕೇಳಿದ್ದೀರಿ. ಕಾರಣ ಬಹುಪಾಲು ತೇವ. ಭತ್ತದ ಹೊಟ್ಟಿನ ಹೊಗೆಯಲ್ಲಿ ನೀರಾವಿ ಇದ್ದೇ ಇರುತ್ತದೆ. ತಣ್ಣಗಿನ ಬ್ಯಾಗಿಗೆ ತಾಗಿ ನೀರಾಗುತ್ತದೆ, ಬೂದಿ ಕೆಸರಾಗಿ ಮೆತ್ತಿಕೊಳ್ಳುತ್ತದೆ.

ಸುಮ್ನೆ ಸಪ್ಲೈಯರ್ ಜೊತೆ ಜಗಳಕ್ಕೆ ಇಳಿಯುವ ಮುಂಚೆ, ಎಲ್ಲ ನಿಲ್ಲಿಸಿ ತಣ್ಣಗಾದ ಮೇಲೆ ಒಂದು ಬ್ಯಾಗ್ ಹೊರಗೆಳೆದು ಉಗುರಿಂದ ಕೆರೆಯಿರಿ. ಬೂದಿ ಪುಡಿಯಾಗಿ ಉದುರಿದರೆ ತೇವ ಅಲ್ಲ. ಆಗ ಪಲ್ಸ್ ಗಾಳಿ (ಬ್ಯಾಗಿನ ಬೂದಿ ಉದುರಿಸಲು ರಭಸದಿಂದ ಹೊಡೆಯುವ ಒತ್ತಡದ ಗಾಳಿ) ನೋಡಿ: ಆ ಗಾಳಿ ತುಂಬಿರುವ ಹೆಡರ್ ಪೈಪ್‌ನಲ್ಲಿ 5–6 ಬಾರ್ ಒತ್ತಡ ನಿಲ್ಲುತ್ತಾ, ಪ್ರತಿ ವಾಲ್ವ್ ‘ಟಪ್’ ಅಂತ ಹೊಡೆಯುತ್ತಾ? ಬೂದಿ ಚಕ್ಕೆ ಚಕ್ಕೆಯಾಗಿ ಎದ್ದರೆ ತೇವವೇ. ಆ ಬ್ಯಾಗ್ ಒಣಗಿಸಿದರೂ ಸರಿಹೋಗುತ್ತೆ ಅನ್ನೋ ಖಾತ್ರಿ ಇಲ್ಲ.

ತೇವವೇ ಆದರೆ ಮೊದಲು ಹಾಪರ್ (ಬೂದಿ ಬೀಳುವ ಆಲಿಕೆ) ಕೆಳಗಿನ ರೋಟರಿ ವಾಲ್ವ್ (ಬೂದಿ ಹೊರಬಿಡುವ ತಿರುಗು ಕವಾಟ), ಬಾಗಿಲ ಗ್ಯಾಸ್ಕೆಟ್ ನೋಡಿ. ತಣ್ಣನೆ ಗಾಳಿ ಅಲ್ಲಿಂದಲೇ ನುಗ್ಗೋದು ಜಾಸ್ತಿ. ಹೊಗೆ ಹೋಗುವ ಡಕ್ಟ್, ಹಾಪರ್‌ಗೆ ಇನ್ಸುಲೇಷನ್ (ಬಿಸಿ ಹೋಗದಂತೆ ಹೊದಿಕೆ) ಬೇಕೇ ಬೇಕು. ಹೊಸ ಬ್ಯಾಗ್ ಹಾಕಿದರೆ ಬೆಂಕಿ ಹಚ್ಚುವ ಮುಂಚೆ ಫ್ಯಾನ್ ಓಡಿಸಿ ಸುಣ್ಣಕಲ್ಲಿನ ಪುಡಿ ಎಳೆಸಿ, ತೆಳು ಪದರ ಕೂರಲಿ. ಫಿಲ್ಟರ್ ಬಿಸಿಯಾಗುವ ತನಕ ಪಲ್ಸ್ ಆಫ್ ಇರಲಿ. ರಾತ್ರಿ ಬೆಂಕಿ ಪೂರ್ತಿ ಆರಿದ ಮೇಲೆ (ಕಿಡಿ ಉಳಿದಿದ್ದರೆ ಬ್ಯಾಗ್ ಸುಟ್ಟೀತು) ಫ್ಯಾನ್ 15–20 ನಿಮಿಷ ಓಡಿಸಿ ಒದ್ದೆ ಹೊಗೆ ಹೊರಹಾಕಿ, ಆಮೇಲೆ ಫ್ಯಾನ್ ನಿಲ್ಲಿಸಿ ಪಲ್ಸ್ ಕೊಡಿ.

ಬ್ಯಾಗಿನ ಬಟ್ಟೆ ಯಾವುದು ಅಂತ ನೀವು ಬರೆದಿಲ್ಲ. ಪಾಲಿಯೆಸ್ಟರ್ ಆದರೆ ಸತತ 130 ಡಿಗ್ರಿ ದಾಟಿಸಬೇಡಿ. ಫಿಲ್ಟರ್ ಒಳಬಾಯಿಯ ಉಷ್ಣತೆ, ಡಿಪಿ ಎರಡನ್ನೂ ಬೆಳಿಗ್ಗೆ ಹತ್ತು ನಿಮಿಷಕ್ಕೊಮ್ಮೆ ಬರೆದು ಇಲ್ಲಿ ಹಾಕಿ.